ಫಾರ್ ಲೂಪೋ, ಲಿಸ್ಟ್ ಕಾಂಪ್ರಹೆನ್ಶನ್ನೋ?

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಂಕಗಳ ಪಟ್ಟಿಯಿಂದ 35 ಅಥವಾ ಜಾಸ್ತಿ ಇರುವುದನ್ನಷ್ಟೇ ಆರಿಸಬೇಕು ಅಂದುಕೊಳ್ಳಿ. ಲೂಪ್‌ನಲ್ಲಾದರೆ ಮೊದಲು ಖಾಲಿ ಲಿಸ್ಟ್ (ಪಟ್ಟಿ), ಆಮೇಲೆ ಒಂದೊಂದೇ ಅಂಕ ತೆಗೆದುಕೊಳ್ಳುವ ಫಾರ್, ಅದರೊಳಗೆ ಷರತ್ತು ನೋಡುವ ಇಫ್, ಕೊನೆಗೆ ಲಿಸ್ಟ್‌ಗೆ ಸೇರಿಸುವ ಅಪೆಂಡ್. ನಾಲ್ಕು ಸಾಲು. ಕಾಂಪ್ರಹೆನ್ಶನ್‌ಗೆ ಚೌಕ ಆವರಣದೊಳಗೆ ಒಂದೇ ಸಾಲು ಸಾಕು: ಏನು ಬೇಕು, ಎಲ್ಲಿಂದ ಬೇಕು, ಕೊನೆಗೆ ಷರತ್ತು. ಸಾಮಾನ್ಯವಾಗಿ ವೇಗವೂ ಸ್ವಲ್ಪ ಜಾಸ್ತಿ, ಪ್ರತಿ ಸಲ ಅಪೆಂಡ್ ಕರೆಯುವ ಕೆಲಸ ಇಲ್ಲವಲ್ಲ.

ಆದರೆ ಸುಮ್ನೆ ಪ್ರಿಂಟ್ ಮಾಡೋಕೆ ಇದನ್ನು ಬಳಸಬೇಡಿ, ಯಾರಿಗೂ ಬೇಡದ ಲಿಸ್ಟ್ ಒಂದು ಹುಟ್ಟಿಕೊಳ್ಳುತ್ತದೆ. ನಡುವೆಯೇ ನಿಲ್ಲಿಸುವ ಬ್ರೇಕ್, ದೋಷ ಬಂದರೆ ನಿಭಾಯಿಸುವ ಟ್ರೈ-ಎಕ್ಸೆಪ್ಟ್ ಬೇಕಿದ್ದರೆ ಲೂಪೇ ಗತಿ. ಎರಡು ಫಾರ್, ಎರಡು ಇಫ್ ಒಂದೇ ಸಾಲಿಗೆ ತುರುಕಿ ನಾನೂ ಬೀಗಿದ್ದೇನೆ. ತಿಂಗಳಾದ ಮೇಲೆ ಅದು ನನಗೇ ಅರ್ಥವಾಗಲಿಲ್ಲ!

ಬರೀ ಮೊತ್ತ ಬೇಕಾ? ಕೂಡಿಸುವ ಸಮ್ ಒಳಗಿನ ಚೌಕ ಆವರಣ ತೆಗೆದುಬಿಡಿ. ಬೇಕಾದಾಗ ಒಂದೊಂದೇ ಅಂಕ ಕೊಡುವ ಜನರೇಟರ್ ಆಗುತ್ತದೆ, ಇಡೀ ಲಿಸ್ಟ್ ಮೆಮೊರಿಯಲ್ಲಿ ಕೂರುವುದಿಲ್ಲ.