ಹದಿಮೂರು ಮಳೆಗಾಲ ಕಂಡ ನೆಕ್: ನನ್ನ ಹಳೆಯ ಜಪಾನಿ ಬಾಸ್ ಗಿಟಾರ್

2011ರ ಮಾರ್ಚ್‌ನಲ್ಲಿ ಈ ಬಾಸ್ ನನ್ನ ಕೈಗೆ ಬಂದಾಗ ಅದರ ತಲೆಯ ಮೇಲಿದ್ದ ಕಂಪನಿಯ ಹೆಸರು ಆಗಲೇ ಅಳಿಸಿಹೋಗಿತ್ತು. ನೆಕ್ಕನ್ನು, ಅಂದರೆ ಎಡಗೈ ಓಡಾಡುವ ಉದ್ದನೆಯ ಕೊರಳನ್ನು, ದೇಹಕ್ಕೆ ಬಿಗಿದ ಲೋಹದ ತಟ್ಟೆಯಲ್ಲಿ ‘ಮೇಡ್ ಇನ್ ಜಪಾನ್’ ಎಂಬ ಕೆತ್ತನೆಯಷ್ಟೇ ಉಳಿದಿತ್ತು. ಶಿವಮೊಗ್ಗದ ಸುತ್ತಮುತ್ತ ರಸಮಂಜರಿ ತಂಡಗಳಲ್ಲಿ ಇಪ್ಪತ್ತು ವರ್ಷ ನುಡಿಸಿದ್ದ ಹಿರಿಯರೊಬ್ಬರು ಬೆರಳಿನ ಗಂಟುನೋವಿನಿಂದ ನುಡಿಸುವುದನ್ನು ಬಿಟ್ಟಾಗ 18,000 ರೂಪಾಯಿಗೆ ನನಗೆ ಕೊಟ್ಟರು. “ಕಣ್ಣು ಮುಚ್ಚಿಕೊಂಡು ನೆಕ್ ಹಿಡಿದು ನೋಡಪ್ಪ. ಅದು ಕೈಗೆ ಒಗ್ಗಿದರೆ ತೆಗೆದುಕೋ. ಉಳಿದದ್ದನ್ನೆಲ್ಲ ಬದಲಾಯಿಸಬಹುದು” ಎಂದಿದ್ದರು. ಅವರ ಮಾತು ನಿಜವಾಯಿತು. ತಂತಿಯ ಕಂಪನ ಹಿಡಿಯುವ ಪಿಕಪ್ ಬದಲಾಗಿದೆ, ದೇಹದ ಮೇಲೆ ತಂತಿ ಕೂರುವ ಬ್ರಿಜ್ ಬದಲಾಗಿದೆ, ತಂತಿ ಬಿಗಿಯುವ ಕೀಲಿಗಳೂ ಬದಲಾಗಿವೆ. ನೆಕ್ ಮಾತ್ರ ಅದೇ.

ಅಮೆರಿಕದ ಫೆಂಡರ್ ಕಂಪನಿಯ ಜಾಝ್ ಬಾಸ್ ನೋಡಿ ಜಪಾನಿನಲ್ಲಿ 1970ರ ದಶಕದಲ್ಲಿ ತಯಾರಾದ ನೂರಾರು ಬಗೆಯ ಪ್ರತಿಗಳಲ್ಲಿ ಇದೂ ಒಂದು. ಹಾಗಾಗಿ ಮೂಲದ ಬಗ್ಗೆ ಎರಡು ಮಾತು ಹೇಳಲೇಬೇಕು. ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬಾಸ್‌ನ ನೆಕ್ ನಟ್ (ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ ಒಂದೂಮುಕ್ಕಾಲು ಇಂಚು, ಅಂದರೆ ಸುಮಾರು 44.5 ಮಿಲಿಮೀಟರ್ ಅಗಲವಿತ್ತು. 1960ರಲ್ಲಿ ಬಂದ ಜಾಝ್ ಬಾಸ್‌ನದು ಒಂದೂವರೆ ಇಂಚು, 38 ಮಿಲಿಮೀಟರ್. ಎರಡರಲ್ಲೂ ತಂತಿಯ ಉದ್ದ 34 ಇಂಚೇ. ಸುಮಾರು ಆರು ಮಿಲಿಮೀಟರಿನ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ, ಆದರೆ ಮೂರು ತಾಸು ನುಡಿಸಿದ ಮೇಲೆ ಕಿರುಬೆರಳನ್ನು ಕೇಳಿದರೆ ಗೊತ್ತಾಗುತ್ತದೆ. ನನ್ನದು ಸಣ್ಣ ಕೈ. 38 ಮಿಲಿಮೀಟರಿನ ಈ ನೆಕ್ ಮೊದಲ ದಿನವೇ ಒಗ್ಗಿತು.

ಹಳೆಯ ಬಾಸ್ ಕೊಳ್ಳುವವರು ಎಡವುವ ಜಾಗ ಇಲ್ಲೇ ಇದೆ. ಅರವತ್ತರ ದಶಕದ ಫೆಂಡರ್ ನೆಕ್‌ಗಳ ಬುಡದಲ್ಲಿ ಎ, ಬಿ, ಸಿ ಎಂಬ ಅಕ್ಷರದ ಮುದ್ರೆ ಇರುತ್ತದೆ. ಎ ಎಂದರೆ ಒಂದೂವರೆ ಇಂಚು, ಬಿ ಎಂದರೆ ಒಂದು ಇಂಚು ಐದು ನೂಲು (ನೂಲು ಎಂದರೆ ಇಂಚಿನ ಎಂಟನೇ ಒಂದು ಪಾಲು), ಸಿ ಎಂದರೆ ಒಂದೂಮುಕ್ಕಾಲು. ಅದು ನಟ್ ಬಳಿಯ ಅಗಲ ಮಾತ್ರ. ಈಗಿನ ಜಾಹೀರಾತುಗಳಲ್ಲಿ ‘ಸಿ ಆಕಾರದ ನೆಕ್’ ಎನ್ನುವುದು ಹಿಂಬದಿಯ ದುಂಡಗಿನ ಆಕಾರದ ಬಗ್ಗೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಅಗಲ ಕಡಿಮೆಯಿದ್ದರೂ ಹಿಂಬದಿ ದಪ್ಪವಾಗಿ, ಅಂಚಿನ ಭುಜಗಳು ತುಂಬಿಕೊಂಡಿದ್ದರೆ ಕೈ ಬೇಗ ದಣಿಯುತ್ತದೆ. ನೆಕ್ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ನನ್ನದರ ದಪ್ಪ ಮೊದಲ ಫ್ರೆಟ್‌ನಲ್ಲಿ 20 ಮಿಲಿಮೀಟರ್, ಹನ್ನೆರಡನೆಯದರಲ್ಲಿ 23. ಭುಜಗಳನ್ನು ಚೆನ್ನಾಗಿ ಇಳಿಸಿದ್ದಾರೆ, ಹೆಬ್ಬೆರಳಿಗೆ ಎಲ್ಲೂ ಏಣು ತಾಗುವುದಿಲ್ಲ.

ಆಕಾರಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಲೇಪನಕ್ಕೆ ಕೊಡಲಾರೆ.

ಫೆಂಡರ್ ನೆಕ್‌ಗಳ ಮೇಲೆ ಅರವತ್ತರ ದಶಕದ ಬಹುಭಾಗ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಇರುತ್ತಿತ್ತು. ಅದು ತೆಳು. ಅಂಗೈ ಓಡಾಡುವ ದಾರಿಯಲ್ಲಿ ವರ್ಷ ಕಳೆದಂತೆ ಸವೆದು ಮೇಪಲ್ ಮರ ಕಾಣಿಸಿಕೊಳ್ಳುತ್ತದೆ, ಹಳೆಯ ಮನೆಯ ಬಾಗಿಲ ಹಿಡಿಯಂತೆ ನುಣುಪಾಗುತ್ತದೆ. 1968ರ ಸುಮಾರಿಗೆ ಅವರು ದಪ್ಪ ಪಾಲಿಯೆಸ್ಟರ್‌ಗೆ ಬದಲಾದರು. ಗಾಜಿನಂತೆ ಗಟ್ಟಿಯಾದ ಅದು ಸುಲಭಕ್ಕೆ ಸವೆಯುವುದಿಲ್ಲ. ನನ್ನ ಬಾಸ್‌ನ ಮೇಲಿದ್ದದ್ದೂ ಇದೇ ಜಾತಿಯ ಹೊಳೆಯುವ ಲೇಪನ. ಒಣಹವೆಯಲ್ಲಿ ತೊಂದರೆಯಿಲ್ಲ. ನಮ್ಮದು ಮಲೆನಾಡು.

2012ರ ಗಣೇಶ ಹಬ್ಬದಲ್ಲಿ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಾರ್ಯಕ್ರಮವಿತ್ತು. ತಗಡಿನ ಚಪ್ಪರ, ಹೊರಗೆ ಜಡಿಮಳೆ, ಎದುರಿಗೆ ಸುಡುವ ದೀಪಗಳು. ಎರಡನೆಯ ಹಾಡಿಗೇ ಅಂಗೈ ಬೆವರಿತು. ಮೂರನೇ ಫ್ರೆಟ್‌ನಿಂದ ಹತ್ತಕ್ಕೆ ಜಾರಬೇಕಾದ ಕಡೆ ಹೆಬ್ಬೆರಳು ಎಂಟರಲ್ಲೇ ಅಂಟಿಕೊಂಡು ನಿಂತಿತು, ಸ್ವರ ಇಳಿಯಿತು. ವಿರಾಮದಲ್ಲಿ ಮುಖದ ಪೌಡರ್ ಸವರಿದೆ. ಹತ್ತು ನಿಮಿಷದಲ್ಲಿ ಅದು ಬೆವರಿನ ಜೊತೆ ಕಲಸಿ ದೋಸೆಹಿಟ್ಟಿನಂತಾಯಿತು. ಆ ರಾತ್ರಿ ಎಲ್ಲ ಹಾಡುಗಳನ್ನೂ ಐದನೇ ಫ್ರೆಟ್‌ನ ಒಳಗೇ ನುಡಿಸಿ ಮುಗಿಸಿದೆ.

ಮುಂದಿನ ವಾರ ಮಾಡಿದ ಕೆಲಸವನ್ನು ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಫಿಂಗರ್‌ಬೋರ್ಡಿನ (ನೆಕ್ ಮುಂಬದಿಯಲ್ಲಿ ಬೆರಳು ಒತ್ತುವ ಹಲಗೆಯ) ಅಂಚಿಗೂ ತಲೆಯ ಭಾಗಕ್ಕೂ ಕಾಗದದ ಟೇಪ್ ಅಂಟಿಸಿದೆ. ಪಾತ್ರೆ ತಿಕ್ಕುವ ಹಸಿರು ಪ್ಯಾಡಿನ ಹೊಸ ತುಂಡು ತೆಗೆದುಕೊಂಡು, ಒಣಗಿದ್ದಂತೆಯೇ, ನೆಕ್‌ನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆದೆ. ಅಡ್ಡಡ್ಡ ಉಜ್ಜಿದರೆ ಗೆರೆಗಳು ಉಳಿಯುತ್ತವೆ. ಇಪ್ಪತ್ತು ನಿಮಿಷದಲ್ಲಿ ಹೊಳಪು ಹೋಗಿ ಮಂಜು ಕವಿದ ಗಾಜಿನಂತಾಯಿತು. ಬಿಳಿ ಧೂಳನ್ನು ಒದ್ದೆಬಟ್ಟೆಯಲ್ಲಿ ಒರೆಸಿ ಕೈಯಾಡಿಸಿದಾಗ ಅಂಗೈ ಎಲ್ಲೂ ನಿಲ್ಲದೆ ಜಾರಿತು. ಸ್ಟೀಲ್ ವೂಲ್‌ನಲ್ಲೂ ಇದನ್ನು ಮಾಡಬಹುದು, ಆದರೆ ಕಬ್ಬಿಣದ ಚೂರುಗಳು ಪಿಕಪ್‌ನ ಅಯಸ್ಕಾಂತಕ್ಕೆ ಕಚ್ಚಿಕೊಳ್ಳುತ್ತವೆ, ನೆಕ್ ಬಿಚ್ಚಿಟ್ಟುಕೊಂಡೇ ಮಾಡಬೇಕು.

ಹೊಳಪನ್ನಷ್ಟೇ ತೆಗೆದೆ, ಲೇಪನವನ್ನಲ್ಲ. ಈ ಎಚ್ಚರ ಮುಖ್ಯ. ನನ್ನ ಗೆಳೆಯನೊಬ್ಬ ತನ್ನ ಬಾಸ್‌ನ ನೆಕ್ಕನ್ನು ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟು ಬರಿಮರದವರೆಗೂ ಉಜ್ಜಿಸಿದ. ಅಗಸೆ ಎಣ್ಣೆಯನ್ನೂ ಹಚ್ಚಿಕೊಡಲಿಲ್ಲ. ಮೊದಲ ಎರಡು ತಿಂಗಳು ಬೆಣ್ಣೆಯಂತಿತ್ತು. ಆಷಾಢ ಕಳೆಯುವಷ್ಟರಲ್ಲಿ ಮರ ತೇವ ಕುಡಿದು ತಿರುಚಿಕೊಂಡಿತು, ಹಿಂಬದಿ ಬೆವರಿನಿಂದ ಕಪ್ಪಾಯಿತು. ತಿರುಚಿದ ನೆಕ್ಕನ್ನು ಅದರೊಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ಸರಿಮಾಡಲಾರದು. ಅದು ಬಾಗನ್ನು ಮಾತ್ರ ತಿದ್ದುತ್ತದೆ.

ಫಿಂಗರ್‌ಬೋರ್ಡಿನ ಬಗ್ಗೆ ದೂರಿಲ್ಲ. ಅದು ರೋಸ್‌ವುಡ್, ಮೇಲೆ ಯಾವ ಲೇಪನವೂ ಇಲ್ಲ. ನಮ್ಮೂರಿನ ಆಚಾರರು ಒಮ್ಮೆ ನಟ್ ಕೂರಿಸುವಾಗ ಅದರ ಅಂಚನ್ನು ಸ್ವಲ್ಪ ಕೆರೆದು, ಮೂಸಿ ನೋಡಿ, “ಇದು ನಮ್ಮ ಬೀಟೆ ಕಣಪ್ಪ” ಎಂದರು. ಜಪಾನಿಗೆ ಹೋಗಿ ವಾದ್ಯವಾಗಿ ಮರಳಿ ಬಂದ ಬೀಟೆ ಎಂದು ಆ ದಿನ ಬಹಳ ಸಂತೋಷಪಟ್ಟೆ. ಫಿಂಗರ್‌ಬೋರ್ಡಿಗೆ ಲೇಪನ ಬೇಕಾಗುವ ಸಂದರ್ಭವೂ ಉಂಟು. ಅಮೆರಿಕದ ಹೆಸರಾಂತ ಬಾಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ ಫ್ರೆಟ್ ಇಲ್ಲದ ಜಾಝ್ ಬಾಸ್‌ಗೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿದ್ದರು. ಒರಟು ತಂತಿ ನೇರವಾಗಿ ಮರವನ್ನು ತಿನ್ನುತ್ತಿತ್ತು, ಅದಕ್ಕೆ. ಫ್ರೆಟ್ ಇರುವ ನನ್ನ ಬಾಸ್‌ಗೆ ಅದರ ಅಗತ್ಯವಿಲ್ಲ, ವರ್ಷಕ್ಕೊಮ್ಮೆ ಎರಡು ಹನಿ ಎಣ್ಣೆ ಸಾಕು.

ಒಂದು ಕಿರಿಕಿರಿ ಇನ್ನೂ ಇದೆ. ಹಳೆಯ ಕ್ರಮದಂತೆ ಟ್ರಸ್ ರಾಡ್‌ನ ತಿರುಪು ನೆಕ್‌ನ ಬುಡದಲ್ಲಿದೆ. ಮಳೆಗಾಲ ಶುರುವಾದಾಗಲೊಮ್ಮೆ, ಮುಗಿದಾಗಲೊಮ್ಮೆ ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಜೋಡಿಸಿ ನೋಡಬೇಕು. ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಎಂಟನೆಯ ಫ್ರೆಟ್ ಮೇಲೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದಿ ಇದ್ದರೆ ನನಗೆ ಸರಿ. ಒಂದೇ ಸಲಕ್ಕೆ ಎಂದೂ ಕೂಡಿಬಂದಿಲ್ಲ, ಅರ್ಧ ದಿನ ಬೇಕೇ ಬೇಕು. ಕೊಳ್ಳುವ ಮುಂಚೆ ಈ ತಿರುಪು ತಿರುಗುತ್ತದೆಯೇ ಎಂದು ಬಿಚ್ಚಿ ನೋಡಿಯೇ ದುಡ್ಡು ಕೊಡಿ.

ಹಸಿರು ಪ್ಯಾಡಿನ ಆ ಕೆಲಸವಾಗಿ ಹನ್ನೆರಡು ವರ್ಷವಾಗುತ್ತ ಬಂತು. ಕೈಯ ಉಜ್ಜಾಟಕ್ಕೆ ಐದರಿಂದ ಏಳನೇ ಫ್ರೆಟ್‌ವರೆಗೆ ಹೊಳಪು ಮೆಲ್ಲಗೆ ಮರಳುತ್ತದೆ, ವರ್ಷಕ್ಕೊಮ್ಮೆ ಐದು ನಿಮಿಷ ಪ್ಯಾಡ್ ಎಳೆಯುತ್ತೇನೆ. ಮೊದಲ ಐದು ಫ್ರೆಟ್‌ಗಳಲ್ಲಿ ಈಗ ತಂತಿಯ ತೋಡು ಬಿದ್ದಿದೆ, ಮುಂದಿನ ಹಬ್ಬದೊಳಗೆ ಬದಲಿಸಬೇಕು. ನೆಕ್‌ನ ಹಿಂಬದಿಯನ್ನು ಯಾರೂ ಮುಟ್ಟಬಾರದು ಎಂದು ಚೀಟಿ ಬರೆದು ಅಂಟಿಸಿಯೇ ಆ ಕೆಲಸಕ್ಕೆ ಕೊಡುತ್ತೇನೆ.