ಬೆಂದೂರಿನ ಬಾಲಕಿಯರ ವೃಂದಗಾನ ತರಗತಿ: ಒಬ್ಬ ತಾಯಿಯ ಅಭಿಪ್ರಾಯ

ಪ್ರೌಢಶಾಲೆಯ ಹುಡುಗಿಯರಿಗೆಂದೇ ಶನಿವಾರ ಮಧ್ಯಾಹ್ನ ನಡೆಯುವ ಈ ತರಗತಿಗೆ ನನ್ನ ಮಗಳು ಎಂಟನೆಯ ತರಗತಿಯಿಂದ ಹೋಗುತ್ತಿದ್ದಾಳೆ. ಗುಂಪಾಗಿ ಹಾಡುವುದು ಮಂಗಳೂರಿಗೆ ಹೊಸತಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಚರ್ಚುಗಳಲ್ಲಿ ಜರ್ಮನ್ ಧಾಟಿಯ ಕನ್ನಡ ಗೀತೆಗಳಿವೆ, ಕಥೋಲಿಕ ಇಗರ್ಜಿಗಳಲ್ಲಿ ಕೊಂಕಣಿ ಕ್ವಾಯರ್‌ಗಳಿವೆ, ಊರೂರಿನಲ್ಲಿ ಭಜನಾ ಮಂಡಳಿಗಳಿವೆ. ಆದರೆ ಭಜನೆಯಲ್ಲಿ ಎಲ್ಲರದೂ ಒಂದೇ ಧಾಟಿ. ಪಕ್ಕದವಳು ಬೇರೊಂದು ಸ್ವರ ಹಾಡುತ್ತಿರುವಾಗ ತನ್ನ ಸ್ವರವನ್ನು ಬಿಡದೆ ಹಿಡಿಯುವ ಅಭ್ಯಾಸ ಅಲ್ಲಿ ಬೇಕಾಗುವುದಿಲ್ಲ. ಈ ತರಗತಿಯಲ್ಲಿ ಕಲಿಸುವುದು ಮುಖ್ಯವಾಗಿ ಅದನ್ನೇ.

ಮಕ್ಕಳನ್ನು ಎತ್ತರದ ದನಿಯ ಎರಡು ಸೊಪ್ರಾನೊ ಸಾಲು, ತಗ್ಗಿನ ದನಿಯ ಒಂದು ಆಲ್ಟೊ ಸಾಲು ಎಂದು ಮೂರಾಗಿ ವಿಂಗಡಿಸುತ್ತಾರೆ. ಮಗಳು ಆಲ್ಟೊಗೆ ಬಿದ್ದಾಗ, ಹಾಡಿನ ಮುಖ್ಯ ಧಾಟಿ ಯಾವಾಗಲೂ ಸೊಪ್ರಾನೊ ಹುಡುಗಿಯರಿಗೇ ಸಿಗುತ್ತದೆಂದು ಮುಖ ಊದಿಸಿಕೊಂಡಿದ್ದಳು. ಅವಳು ಕರ್ನಾಟಕ ಸಂಗೀತ ಕಲಿತವಳಾದ್ದರಿಂದ ಸ್ವರವನ್ನು ಗಮಕವಿಲ್ಲದೆ, ಎಂದರೆ ತೂಗಾಡಿಸದೆ, ನೇರವಾಗಿ ನಿಲ್ಲಿಸುವುದು ಕಷ್ಟವೇ ಆಯಿತು. ಇದಕ್ಕೆ ಗುರುಗಳು ಹಿಡಿದ ದಾರಿ ನನಗೆ ಬಹಳ ಹಿಡಿಸಿದೆ. ಕೀಬೋರ್ಡನ್ನು ಮುಚ್ಚಿ, ತಂಬೂರಿ ಮೀಟಿ, ಷಡ್ಜದ (ಆಧಾರ ಸ್ವರ ‘ಸ’) ತಂತಿಯೊಳಗಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರವನ್ನು (ಎರಡು ಬಗೆಯ ‘ಗ’ಗಳಲ್ಲಿ ಎತ್ತರದ್ದು) ಮೊದಲು ಕಿವಿಯಿಂದ ಹುಡುಕಿಸುತ್ತಾರೆ, ಆಮೇಲೆ ಹಾಡಿಸುತ್ತಾರೆ. ಕೀಬೋರ್ಡಿನ ಗಾಂಧಾರವು, ಅರ್ಧ ಸ್ವರವನ್ನು (ಪಕ್ಕಪಕ್ಕದ ಎರಡು ಕೀಲಿಗಳ ನಡುವಿನ ಅಂತರ) ನೂರು ಪಾಲು ಮಾಡಿದರೆ, ತಂಬೂರಿಯ ಗಾಂಧಾರಕ್ಕಿಂತ ಸುಮಾರು 14 ಪಾಲಿನಷ್ಟು ಏರಿರುತ್ತದೆ. ಮನೆಯಲ್ಲಿ ಕೀಬೋರ್ಡಿಗೆ ದನಿ ಕೂಡಿಸುತ್ತಿದ್ದ ಮಗಳು ಈಗ ಅದು ಚುಚ್ಚುತ್ತದೆ ಎನ್ನುತ್ತಾಳೆ.

ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹುಡುಗಿಯರ ದನಿಯೂ ಒಡೆಯುತ್ತದೆಂಬುದನ್ನು ಹೆಚ್ಚಿನ ಪೋಷಕರು ಗಮನಿಸುವುದಿಲ್ಲ. ಹುಡುಗರ ದನಿಯಂತೆ ಒಂದು ಸ್ಥಾಯಿಯಷ್ಟು (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಕುಸಿಯದಿದ್ದರೂ ಸ್ವಲ್ಪ ಇಳಿಯುತ್ತದೆ. ಧ್ವನಿತಂತುಗಳು ಹಿಂಬದಿಯಲ್ಲಿ ಪೂರ್ತಿ ಕೂಡಿಕೊಳ್ಳದೆ ಉಸಿರು ಸೋರುವುದರಿಂದ ಹಾಡಿನ ದನಿಯಲ್ಲಿ ಗಾಳಿ ಬೆರೆತಂತೆ ಕೇಳಿಸುತ್ತದೆ. ಇಲ್ಲಿ ಅದನ್ನು ದೋಷವೆಂದು ಬೈಯುವುದಿಲ್ಲ, ಜೋರಾಗಿ ಹಾಡೆಂದು ಒತ್ತಾಯಿಸುವುದಿಲ್ಲ, ಅಗತ್ಯ ಬಿದ್ದರೆ ಸಾಲನ್ನೇ ಬದಲಿಸುತ್ತಾರೆ.

ನಾಡಗೀತೆಗೆ ಮಾತ್ರ ಬೇರೆ ಧ್ವನಿಗಳನ್ನು ಸೇರಿಸುವುದಿಲ್ಲ. 2022ರಲ್ಲಿ ಸರಕಾರವು ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಗೊತ್ತುಪಡಿಸಿರುವುದರಿಂದ ಅದನ್ನು ಎಲ್ಲರೂ ಒಂದೇ ದನಿಯಲ್ಲಿ ಹಾಡುತ್ತಾರೆ. ಇದು ಸರಿಯೆಂದೇ ನನಗೂ ತೋರುತ್ತದೆ.

ಅಸಮಾಧಾನಗಳೂ ಇವೆ. ಕೋಣೆ ಚಿಕ್ಕದು, ರಸ್ತೆಯ ಬದಿಗಿದೆ. ಸಿಟಿ ಬಸ್ಸಿನ ಹಾರ್ನ್ ಹೊಡೆದಾಗಲೆಲ್ಲ ಹಾಡು ನಿಲ್ಲಿಸಬೇಕಾಗುತ್ತದೆ. ಕನ್ನಡ ಗೀತೆಗಳ ಸಾಹಿತ್ಯವನ್ನೂ ಸ್ಟಾಫ್ ನೊಟೇಶನ್ನಿನ (ಪಾಶ್ಚಾತ್ಯ ಸ್ವರಲಿಪಿ) ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸಿ ಕೊಡುವುದರಿಂದ ಹ್ರಸ್ವ ದೀರ್ಘಗಳ ವ್ಯತ್ಯಾಸ ಹಾಳೆಯಲ್ಲೇ ಕಳೆದುಹೋಗುತ್ತದೆ. ಕನ್ನಡ ಶಾಲೆಯ ಮಕ್ಕಳಿಗಂತೂ ಇದು ಅನ್ಯಾಯ. ವಾರ್ಷಿಕ ಕಾರ್ಯಕ್ರಮದಲ್ಲಿ ಮೈಕುಗಳನ್ನೆಲ್ಲ ಸೊಪ್ರಾನೊ ಸಾಲಿನ ಮುಂದೆಯೇ ಇಟ್ಟಿದ್ದರಿಂದ ವರ್ಷವಿಡೀ ಕಲಿತ ಆಲ್ಟೊ ಸಭೆಗೆ ಕೇಳಿಸಲೇ ಇಲ್ಲ.

ಮಗಳು ಬೇಗ ವೇದಿಕೆಯ ಮೇಲೆ ಒಬ್ಬಳೇ ಹಾಡಬೇಕೆಂದು ಬಯಸುವವರಿಗೆ ಈ ತರಗತಿ ಹೊಂದುವುದಿಲ್ಲ. ಕಿವಿ ಹದವಾಗಲಿ ಎನ್ನುವವರು ಧಾರಾಳವಾಗಿ ಸೇರಿಸಬಹುದು. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಬಿಡಿಸುವ ಯೋಚನೆಯಿದ್ದರೆ ಎಂಟನೆಯ ತರಗತಿಯಲ್ಲೇ ಸೇರಿಸುವುದು ಒಳ್ಳೆಯದು, ಏಕೆಂದರೆ ಆಲ್ಟೊ ಸಾಲಿನಲ್ಲಿ ಗಟ್ಟಿಯಾಗಿ ನಿಲ್ಲಲು ಒಂದು ವರ್ಷ ಸಾಲದು.