ನೆಗ್ರೋನಿ ಮಾಡಲು ಕಂಪಾರಿ: ಒಂದು ವಿಮರ್ಶೆ

ಇಟಲಿಯ ನೊವಾರಾ ಪಟ್ಟಣದಲ್ಲಿ 1860ರಲ್ಲಿ ಗಾಸ್ಪಾರೆ ಕಂಪಾರಿ ರೂಪಿಸಿದ ಈ ಕೆಂಪು ಕಹಿ ಮದ್ಯವಿಲ್ಲದೆ ನೆಗ್ರೋನಿ ಎಂಬ ಜಿನ್ ಕಾಕ್‌ಟೇಲ್ ಇಲ್ಲ. 1919ರ ಸುಮಾರಿಗೆ ಫ್ಲಾರೆನ್ಸ್ ನಗರದಲ್ಲಿ ಕೌಂಟ್ ಕಮಿಲ್ಲೊ ನೆಗ್ರೋನಿ ಎಂಬಾತ ಕಂಪಾರಿ, ಸಿಹಿ ವರ್ಮುತ್ (ಗಿಡಮೂಲಿಕೆಗಳ ಪರಿಮಳದ ವೈನ್) ಮತ್ತು ಸೋಡಾ ಸೇರಿದ ತನ್ನ ಅಮೆರಿಕಾನೊ ಪಾನೀಯಕ್ಕೆ ಸೋಡಾದ ಬದಲು ಜಿನ್ ಬೆರೆಸಲು ಹೇಳಿದನೆಂಬ ಕಥೆ ಪ್ರಚಲಿತವಾಗಿದೆ. ಕಥೆ ಹೇಗಿದ್ದರೂ ಅಳತೆ ಮಾತ್ರ ಸರಳವಾದದ್ದು.

ಜಿನ್, ಕಂಪಾರಿ ಮತ್ತು ಸಿಹಿ ಕೆಂಪು ವರ್ಮುತ್‌ಗಳನ್ನು ತಲಾ 30 ಮಿ.ಲೀ. ಅಳೆದು, ಐಸ್ ತುಂಬಿದ ಗಿಡ್ಡ ಗಾಜಿನ ಲೋಟದಲ್ಲಿ ಚೆನ್ನಾಗಿ ಕಲಕಿ, ಕಿತ್ತಳೆಯ ಒಂದು ಹೋಳು ಹಾಕಿದರೆ ಸಾಕು, ಶೇಕರಿನ ಅಗತ್ಯವೇ ಇಲ್ಲ. ಕಂಪಾರಿಯಲ್ಲಿ ಮೊದಲು ಕಿತ್ತಳೆ ಸಿಪ್ಪೆಯ ಪರಿಮಳವೂ ಸಿಹಿಯೂ ನಾಲಿಗೆಗೆ ತಾಗಿ, ಅನಂತರ ಬೆಲ್ಲ ಹಾಕಿದ ಹಾಗಲಕಾಯಿ ಗೊಜ್ಜಿನಂತೆ ಕಹಿ ನಿಧಾನವಾಗಿ ಏರುತ್ತದೆ ಮತ್ತು ಬಹಳ ಹೊತ್ತು ಉಳಿಯುತ್ತದೆ. ಈ ಕಹಿಯ ಎದುರು ಹೂವಿನ ಪರಿಮಳದ ಮೃದು ಜಿನ್‌ಗಳು ಸೋತುಹೋಗುವುದರಿಂದ, ಜಿನ್‌ಗೆ ಮೂಲ ರುಚಿ ಕೊಡುವ ಜುನಿಪರ್ ಕಾಯಿಯ ಪರಿಮಳ ಎದ್ದುಕಾಣುವ ಟ್ಯಾಂಕರೆಯಂತಹ ಲಂಡನ್ ಡ್ರೈ ಜಿನ್ ಆರಿಸುವುದು ಒಳಿತು.

ಆಮದು ಮದ್ಯವಾದ್ದರಿಂದ ಕಂಪಾರಿ ಬೆಂಗಳೂರಿನಲ್ಲಿ ಅಗ್ಗವಲ್ಲ. ಆದರೂ 750 ಮಿ.ಲೀ. ಬಾಟಲಿಯೊಂದು 25 ಲೋಟಗಳಿಗೆ ಬರುತ್ತದೆ, ಮುಚ್ಚಳ ತೆರೆದ ಮೇಲೂ ಕಪಾಟಿನಲ್ಲೇ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ವರ್ಮುತ್ ಹಾಗಲ್ಲ, ಅದು ಮೂಲತಃ ವೈನ್ ಆದ ಕಾರಣ ತೆರೆದ ಕೂಡಲೇ ಫ್ರಿಜ್ ಸೇರಬೇಕು, ಮನೆಯ ನೆಗ್ರೋನಿ ಸಪ್ಪೆಯಾಗುವುದು ಹೆಚ್ಚಾಗಿ ಹಳಸಿದ ವರ್ಮುತ್‌ನಿಂದಲೇ. ಕಹಿ ರೂಢಿಯಿಲ್ಲದವರು ಜಿನ್ ಪ್ರಮಾಣವನ್ನು 45 ಮಿ.ಲೀ.ಗೆ ಏರಿಸಿ ನೋಡಬಹುದು, ಆದರೆ ಆಗ ಅಮಲೂ ಅಷ್ಟೇ ಏರುತ್ತದೆ.